ಕೆಂಪು ಕಾಣದ ಫಿಲ್ಮು

ಆ ಮಾತನ್ನು ಕತ್ತಲೆ ಕೋಣೆಯಲ್ಲಿ ಮೊದಲು ಆಡಿದವರು ಯಾರು ಎಂಬುದು ನನಗೆ ಖಚಿತವಿಲ್ಲ. "ಇದು ಫಿಲ್ಮಿನ ತಪ್ಪು, ಆಕಿ ಮಾರಿ ಮ್ಯಾಲ ಏನೂ ಇಲ್ಲ." ಇಷ್ಟೇ ಮಾತು. ಎಷ್ಟೋ ವರ್ಷ ಅದು ನನ್ನ ಕಾಕಾನ ಮಾತೆಂದೇ ನಂಬಿದ್ದೆ, ಬೇರೆಯವರಿಗೂ ಹಾಗೆಯೇ ಹೇಳಿದ್ದೆ. ಈಗ ಅದನ್ನೇ ಕಾಗದದ ಮೇಲೆ ಇಳಿಸಲು ಹೊರಟರೆ ಕೈ ನಿಲ್ಲುತ್ತದೆ. ಆ ಕೋಣೆಯ ಕೆಂಪು ದೀಪ ನೆನಪಿದೆ, ತೊಟ್ಟಿಕ್ಕುವ ನೆಗೆಟಿವ್ ನೆನಪಿದೆ, ಫಿಲ್ಮು ತೊಳೆಯುವ ಹೈಪೋದ ಹುಳಿ ವಾಸನೆ ನೆನಪಿದೆ. ಮಾತಾಡಿದ ಬಾಯಿ ಮಾತ್ರ ಒಮ್ಮೆ ಅವನದಾಗುತ್ತದೆ, ಒಮ್ಮೆ ನನ್ನದಾಗುತ್ತದೆ.

ನನ್ನ ಅಕ್ಕನ ಎಡಗಣ್ಣು ಹೋದದ್ದು ಮಾತ್ರ ಖರೆ. ಅದಕ್ಕೆ ನನ್ನ ನೆನಪಿನ ಸಾಕ್ಷಿ ಬೇಕಾಗಿಲ್ಲ. ಆ ಕಣ್ಣಿನ ಪಾಪವನ್ನು ನಮ್ಮ ಮನೆಯವರೂ ಊರಿನವರೂ ಸೇರಿ ಕಾಕಾನ ತಲೆಗೆ ಕಟ್ಟಿದರು. ಕಟ್ಟಿದ್ದು ಸರಿಯೋ ತಪ್ಪೋ ಎಂಬುದೇ ನನಗೆ ಉಳಿದ ಪ್ರಶ್ನೆ.

ಕಾಕಾ ಎಂದರೆ ನಮ್ಮಪ್ಪನ ತಮ್ಮ. ಬನಹಟ್ಟಿಯಲ್ಲಿ ನೂಲಿನ ಅಂಗಡಿಗಳ ಸಾಲಿನ ಕೊನೆಗೆ, ಅಟ್ಟದ ಮೇಲೆ ಅವನ ಫೋಟೋ ಸ್ಟುಡಿಯೋ ಇತ್ತು. ಕೆಲಸ ಕಲಿತದ್ದು ಜಮಖಂಡಿಯಲ್ಲಿ, ಸಂಸ್ಥಾನದ ಕಾಲದ ಒಬ್ಬ ಮುದುಕ ಫೋಟೋಗ್ರಾಫರನ ಕೈಯಲ್ಲಿ. ಆಗ ಗಾಜಿನ ಪ್ಲೇಟುಗಳು. ಛಾವಣಿಗೆ ಗಾಜು ಹಾಕಿ ಬಿಸಿಲನ್ನು ಒಳಗೆ ಇಳಿಸಿ, ಕೂತವರ ತಲೆ ಅಲುಗದಂತೆ ಹಿಂದಿನಿಂದ ಕಬ್ಬಿಣದ ಕವೆ ಹಿಡಿಸಿ, "ಉಸಿರು ಹಿಡೀರಿ" ಎಂದು ಎಣಿಸುತ್ತಿದ್ದರಂತೆ. ನನಗೆ ತಿಳಿವಳಿಕೆ ಬರುವ ಹೊತ್ತಿಗೆ ಗಾಜು ಹೋಗಿ ಫಿಲ್ಮಿನ ಹಾಳೆ ಬಂದಿತ್ತು, ಬಿಸಿಲಿನ ಜಾಗಕ್ಕೆ ನಾಲ್ಕು ದೊಡ್ಡ ಬಲ್ಬು ಬಂದಿದ್ದವು. ಮರದ ಕ್ಯಾಮರಾ, ಕರೀ ಬಟ್ಟೆ ಹಾಗೇ ಉಳಿದಿದ್ದವು. ಫಿಲ್ಮಿನ ಒಂದು ಗುಣವೂ ಹಾಗೇ ಉಳಿದಿತ್ತು: ಅದಕ್ಕೆ ಕೆಂಪು ಕಾಣುತ್ತಿರಲಿಲ್ಲ.

ಕಾಣುತ್ತಿರಲಿಲ್ಲ ಎಂದರೆ, ಕೆಂಪು ಬೆಳಕು ಆ ಫಿಲ್ಮಿಗೆ ಬೆಳಕೇ ಅಲ್ಲ, ಕತ್ತಲೆ. ಅದರಿಂದ ಒಂದು ಅನುಕೂಲವಿತ್ತು. ಕೆಂಪು ದೀಪ ಹಚ್ಚಿಕೊಂಡು, ಬೋಗುಣಿಯ ನೀರಿನಲ್ಲಿ ಮುಖ ಮೂಡುವುದನ್ನು ನೋಡುತ್ತಲೇ ಫಿಲ್ಮು ತೊಳೆಯಬಹುದಿತ್ತು. ತೊಂದರೆ ಏನೆಂದರೆ ಕೆಂಪಾದದ್ದೆಲ್ಲ ಫೋಟೋದಲ್ಲಿ ಕಪ್ಪಾಗಿ ಬರುತ್ತಿತ್ತು. ಕೆಂಪು ಸೀರೆ ಉಟ್ಟು ಕೂತವಳು ಕರೀ ಸೀರೆಯಲ್ಲಿ ಎದ್ದು ಬರುತ್ತಿದ್ದಳು. ಕುಂಕುಮ ಹಣೆಗೆ ಬಿದ್ದ ತೂತಿನಂತೆ ಕಾಣುತ್ತಿತ್ತು. ನೀಲಿ ಇದಕ್ಕೆ ತಿರುವುಮುರುವು. ತಿಳಿ ನೀಲಿ ಪೂರಾ ಬೆಳ್ಳಗೆ ಬರುತ್ತಿತ್ತು.

ರಬಕವಿಯ ಒಬ್ಬ ಹೆಣ್ಣುಮಗಳು ತಿಳಿ ನೀಲಿ ಸೀರೆ ಉಟ್ಟು ಗಂಡನ ಪಕ್ಕ ನಿಂತು ಫೋಟೋ ತೆಗೆಸಿದ್ದಳು. ಫೋಟೋದಲ್ಲಿ ಆಕೆ ಬಿಳೀ ಸೀರೆಯಲ್ಲಿದ್ದಳು. ಆ ವರ್ಷವೇ ಆಕೆಯ ಗಂಡ ಜ್ವರ ಬಂದು ಸತ್ತ. ಅಂದಿನಿಂದ ಬನಹಟ್ಟಿಯ ಹೆಣ್ಣುಮಕ್ಕಳು ಕಾಕಾನ ಕ್ಯಾಮರಾದ ಬಗ್ಗೆ ದನಿ ತಗ್ಗಿಸಿ ಮಾತಾಡುತ್ತಿದ್ದರು. "ಆ ಡಬ್ಬಿಗೆ ಮುಂದಿಂದು ಕಾಣತೈತಿ" ಎನ್ನುತ್ತಿದ್ದರು. ಕಾಕಾ ಅದನ್ನು ಹೌದೆನ್ನಲೂ ಇಲ್ಲ, ಅಲ್ಲವೆನ್ನಲೂ ಇಲ್ಲ. ಬಾಗಿಲಲ್ಲೇ ಸೀರೆ ನೋಡಿ, "ನೀಲಿ ಬ್ಯಾಡವಾ, ಹಳದಿದು ಉಟ್ಕೊಂಡು ಬಾ" ಎಂದು ತಿರುಗಿ ಕಳಿಸುತ್ತಿದ್ದ.

ನಾನು ಆಗ ಧಾರವಾಡದಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದೆ. ರಜೆಗೆ ಮನೆಗೆ ಬಂದಾಗಲೆಲ್ಲ ಈ ಮಾತು ಕಿವಿಗೆ ಬಿದ್ದು ಮೈ ಉರಿಯುತ್ತಿತ್ತು. ಒಮ್ಮೆ ಅವ್ವನನ್ನು ಕೂಡಿಸಿಕೊಂಡು ಬೆಳಕಿನ ಬಣ್ಣಗಳು ಎಷ್ಟು, ಫಿಲ್ಮು ಯಾವುದನ್ನು ಹಿಡಿಯುತ್ತದೆ, ಯಾವುದನ್ನು ಬಿಡುತ್ತದೆ ಎಂದು ಒಂದು ತಾಸು ತಿಳಿಸಿ ಹೇಳಿದೆ. ಅವ್ವ ಪೂರ್ತಿ ಕೇಳಿ ಕಡೆಗೆ ಹೇಳಿದಳು:

"ನಿಂದೆಲ್ಲಾ ಖರೆ ಇರಬಹುದಪಾ. ಆದ್ರ ಆಕಿ ಗಂಡ ಸತ್ತಿದ್ದೂ ಖರೇನ ಐತಲ್ಲ."

ಅಪ್ಪ ತೀರಿಕೊಂಡು ಮೂರು ವರ್ಷವಾಗಿತ್ತು. ಅಕ್ಕನ ಮದುವೆಯ ಜವಾಬ್ದಾರಿ ಕಾಕಾನ ಮೇಲಿತ್ತು. ಮುಧೋಳದಿಂದ ಒಂದು ಸಂಬಂಧ ಬಂತು. ನೂಲಿನ ವ್ಯಾಪಾರದ ಮನೆ, ಹುಡುಗ ಒಳ್ಳೆಯವನು. ಹುಡುಗಿಯನ್ನು ನೋಡಿ ಬೇಡವೆಂದರೆ ಹುಡುಗಿಗೆ ಅವಮಾನ. ಅದಕ್ಕೆ ಮೊದಲು ಫೋಟೋ ಕಳಿಸುವುದು, ಒಪ್ಪಿಗೆಯಾದರೆ ನೋಡಲು ಬರುವುದು ನಮ್ಮ ಕಡೆಯ ರೂಢಿ. ದೀಪಾವಳಿ ರಜೆಗೆ ನಾನು ಬಂದಿದ್ದಾಗಲೇ ಕಾಕಾ ಅಕ್ಕನನ್ನು ಸ್ಟುಡಿಯೋದಲ್ಲಿ ಕೂಡಿಸಿ ಮೂರು ಫಿಲ್ಮು ತೆಗೆದ.

ಮೂರರಲ್ಲೂ ಒಂದು ಕಲೆ ಬಂತು. ಎಡಗಣ್ಣಿನ ಕೆಳಗೆ, ಕಿವಿಯ ಕಡೆಗೆ ಸರಿದು, ನಾಲ್ಕಾಣೆ ನಾಣ್ಯದಷ್ಟು ಅಗಲ. ಯಾರೋ ಮಸಿ ಹತ್ತಿದ ಹೆಬ್ಬೆರಳು ಒತ್ತಿ ತೆಗೆದಂತೆ.

ಕಾಕಾ ನೇರವಾಗಿ ಮನೆಗೆ ಬಂದು ಅಕ್ಕನನ್ನು ಬೈದ. ಅಕ್ಕ ಆಗ ಪಡಸಾಲೆಯಲ್ಲಿ ರಾಟೆಯ ಮುಂದೆ ಕೂತು ಮಗ್ಗದ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಕೆಂಪು ನೂಲು.

"ಏನವಾ, ಬಣ್ಣದ ಕೈಲೆ ಗಲ್ಲಾ ತಿಕ್ಕೊಂಡು ಬಂದಿದ್ದೇನು? ಫಿಲ್ಮು ಮೂರೂ ಹಾಳಾದವು."

"ಇಲ್ಲ ಕಾಕಾ, ಮಾರಿ ತೊಳಕೊಂಡೇ ಬಂದಿದ್ನಿ. ಬೇಕಂದ್ರ ನೋಡ ಬಾ."

ಕಾಕಾ ಅವಳ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದ. ನಾನೂ ನೋಡಿದೆ. ಕೆನ್ನೆಯ ಮೇಲೆ ಏನೂ ಇರಲಿಲ್ಲ.

"ಕಣ್ಣಿಗೆ ಕಾಣಂಗಿಲ್ಲ. ಫಿಲ್ಮಿಗೆ ಕಾಣತೈತಿ," ಎಂದ ಕಾಕಾ. ಅವ್ವನ ಕಡೆ ತಿರುಗಿ, "ವೈನೀ, ಕಡ್ಲಿಹಿಟ್ಟು ಹಚ್ಚಿ ತಿಕ್ಕಿಸ್ರಿ. ಎರಡು ದಿನ ನೂಲು ಮುಟ್ಟಬ್ಯಾಡ ಅನ್ರಿ ಆಕಿಗೆ."

ಬೇರೆ ಊರಿನವರಾದರೆ ಬೇರೇನಾದರೂ ಯೋಚಿಸುತ್ತಿದ್ದರೋ ಏನೋ. ನಮ್ಮೂರಿನಲ್ಲಿ ಕೆಂಪು ಎಂದರೆ ನೂಲಿನ ಬಣ್ಣ. ಬಣ್ಣ ಹಾಕುವವರ ಮೊಣಕೈವರೆಗೆ ಕೆಂಪು, ಗಟಾರದ ನೀರು ಕೆಂಪು, ಬಣ್ಣದ ಹೊಂಡದ ಬದಿಗೆ ಮಲಗುವ ನಾಯಿಗಳ ಹೊಟ್ಟೆ ಕೆಂಪು. ಕೆಂಪು ಕಂಡರೆ ತೊಳೆ. ಅದರಾಚೆಗೆ ನಾವು ಯಾರೂ ಯೋಚಿಸಿ ಗೊತ್ತಿರಲಿಲ್ಲ. ಅವ್ವ ಕಡಲೆಹಿಟ್ಟು ತಿಕ್ಕಿದಳು. ಸಾಲದೆಂದು ಬಟ್ಟೆಗೆ ಸೀಮೆಎಣ್ಣೆ ಹಾಕಿ ಒರೆಸಿದಳು. ಅಕ್ಕ, "ಯವ್ವಾ, ಗಲ್ಲ ಕಿತ್ತು ಕೈಯಾಗ ಬರತೈತಿ, ಬಿಡ" ಎಂದು ನಗುತ್ತಿದ್ದಳು. ಉರಿಯುತ್ತದೆ ಎಂದು ಅವಳು ಹೇಳಿದ್ದು ನನಗೆ ನೆನಪಿಲ್ಲ. ಹೇಳಿರಲಿಕ್ಕಿಲ್ಲ. ಅಥವಾ ಆಮೇಲೆ ನಡೆದದ್ದನ್ನು ತಿಳಿದುಕೊಂಡು ನಾನೇ ಅವಳ ಬಾಯಿಂದ ಆ ಮಾತನ್ನು ಅಳಿಸಿದ್ದೇನೋ.

ಎರಡು ದಿನ ಬಿಟ್ಟು ಮತ್ತೆ ಮೂರು ಫಿಲ್ಮು ತೆಗೆದರು. ಈ ಸಲ ಕಾಕಾ ನನ್ನನ್ನೂ ಕತ್ತಲೆ ಕೋಣೆಗೆ ಕರೆದ. ಬೋಗುಣಿಯಿಂದ ಫಿಲ್ಮು ಎತ್ತಿ ಕೆಂಪು ದೀಪದ ಮುಂದೆ ಹಿಡಿದ. ನೆಗೆಟಿವಿನಲ್ಲಿ ಎಲ್ಲವೂ ತಿರುವುಮುರುವು. ಕಪ್ಪು ಕೆನ್ನೆಯ ನಡುವೆ ತೆಳ್ಳಗಿನ ಒಂದು ಕಿಂಡಿ. ಅದರೊಳಗಿಂದ ದೀಪ ಕೆಂಪಗೆ ಹೊಳೆಯುತ್ತಿತ್ತು.

"ತೊಳೆದ ಮ್ಯಾಲೂ ಐತಲ್ಲೋ," ಎಂದ.

ನಾನು ವಿವರಿಸಿದೆ. ಎಲ್ಲರ ಚರ್ಮದ ಕೆಳಗೂ ರಕ್ತವಿರುತ್ತದೆ, ಸೀಮೆಎಣ್ಣೆ ಹಾಕಿ ತಿಕ್ಕಿದ್ದಕ್ಕೆ ಅಲ್ಲಿ ಇಷ್ಟು ಕೆಂಪೇರಿದೆ, ಕಣ್ಣಿಗೆ ಕಾಣದ ಕೆಂಪನ್ನೂ ಈ ಹಳೇ ಫಿಲ್ಮು ಕಪ್ಪು ಮಾಡಿ ತೋರಿಸುತ್ತದೆ ಎಂದೆ.

"ತಿಕ್ಕೂಕಿಂತ ಮೊದಲೂ ಇತ್ತಲ್ಲ."

"ಆವಾಗ ಬಣ್ಣ ಹತ್ತಿತ್ತು."

"ಲೇ ತಮ್ಮಾ, ಆರು ಫಿಲ್ಮಿನ್ಯಾಗ ಆಕಿ ಆರು ಥರಾ ಕುಂತಾಳ. ಫಿಲ್ಮು ಕೆಟ್ಟಿದ್ರ ಕಲಿ ಒಂದೊಂದರಾಗ ಒಂದೊಂದು ಕಡೆ ಬೀಳಬೇಕು. ಇದು ಮಾರಿ ತಿರುಗಿದ ಕಡೆ ತಿರಗತೈತಿ."

ಇಲ್ಲಿಂದ ಮುಂದೆ ನನ್ನಲ್ಲಿ ಎರಡು ನೆನಪುಗಳಿವೆ. ಒಂದರಲ್ಲಿ ಕಾಕಾ ತಾನೇ ತಲೆ ಕೊಡವಿ, ಇದು ಫಿಲ್ಮಿನ ತಪ್ಪು ಎಂದು ಹೇಳಿ, ಪೆನ್ಸಿಲ್ ಚೂಪು ಮಾಡಲು ಹೋಗುತ್ತಾನೆ. ಇನ್ನೊಂದರಲ್ಲಿ ಅವನು ಫಿಲ್ಮನ್ನು ನೀರಿಗೆ ಬಿಟ್ಟು, "ಜಮಖಂಡಿ ದವಾಖಾನಿಗೆ ಒಮ್ಮೆ ತೋರಿಸಿಕೊಂಡು ಬರೋಣೇನು?" ಎನ್ನುತ್ತಾನೆ, ನಾನು ನಗುತ್ತೇನೆ. "ನೀಲಿ ಸೀರಿ ಕಥಿ ನೀನೂ ನಂಬಾಕತ್ತಿಯೇನು ಕಾಕಾ? ಇದು ಫಿಲ್ಮಿನ ತಪ್ಪು, ಆಕಿ ಮಾರಿ ಮ್ಯಾಲ ಏನೂ ಇಲ್ಲ" ಎನ್ನುತ್ತೇನೆ. ಮೊದಲನೆಯ ನೆನಪು ಸ್ಪಷ್ಟವಾಗಿದೆ. ಎರಡನೆಯದು ಮಸುಕಾಗಿದೆ. ಬಹಳ ಸಲ ಹೇಳಿದ ಕಥೆ ಸ್ಪಷ್ಟವಾಗಿಯೇ ಇರುತ್ತದೆ ಎಂಬ ಅನುಮಾನ ನನಗೆ ಇತ್ತೀಚೆಗೆ ಬಂದಿದೆ.

ಎರಡರಲ್ಲೂ ಕಾಕಾ ಕೊನೆಗೆ ಪೆನ್ಸಿಲ್ ಹಿಡಿಯುತ್ತಾನೆ. ಆ ಕೆಲಸಕ್ಕೆ ಸ್ಟುಡಿಯೋದವರು ಟಚಿಂಗ್ ಎನ್ನುತ್ತಿದ್ದರು. ನೆಗೆಟಿವಿಗೆ ಮೊದಲು ಒಂದು ಅಂಟು ಔಷಧ ಸವರಿ, ಸೂಜಿಯಂಥ ಪೆನ್ಸಿಲಿನಿಂದ ತೆಳುವಾದ ಜಾಗವನ್ನು ಚುಕ್ಕಿ ಚುಕ್ಕಿಯಾಗಿ ತುಂಬುವುದು. ಮೈಲಿಯ ಕಲೆ, ಕಣ್ಣ ಕೆಳಗಿನ ಸುಕ್ಕು, ಎಲ್ಲ ಹೀಗೆ ಹೋಗುತ್ತಿದ್ದವು. ಹುಡುಗಿಯರ ಫೋಟೋಕ್ಕೆ ಟಚಿಂಗ್ ಮಾಡದೆ ಕೊಟ್ಟರೆ ಅದು ಅರ್ಧ ಕೆಲಸವೆಂದೇ ಲೆಕ್ಕ. ಹಿಂದಿನ ಬೇಸಿಗೆಯ ರಜೆಯಲ್ಲಿ ಹೊತ್ತು ಹೋಗದೆ ನಾನೂ ಕಾಕಾನ ಹತ್ತಿರ ಒಂದಿಷ್ಟು ಕಲಿತಿದ್ದೆ. ಕೈ ಪಳಗಿರಲಿಲ್ಲ.

ಫೋಟೋ ಮುಧೋಳಕ್ಕೆ ಹೋಯಿತು. ವಾರದೊಳಗೆ ಹುಡುಗನ ತಂದೆ ಅದನ್ನು ಕೈಯಲ್ಲಿ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಚಹಾ ಮುಗಿಸಿ, ಫೋಟೋವನ್ನು ಕಿಟಕಿಯ ಕಡೆ ವಾರೆ ಮಾಡಿ ಹಿಡಿದರು.

"ಗಲ್ಲ ಅಂದ್ರ ಕೆನಿ ಕಟ್ಟಿದಂಗ ಐತ್ರಿ. ಒಂದು ಮಚ್ಚಿ ಸೈತ ಇಲ್ಲ."

"ದೇವರು ಕೊಟ್ಟಿದ್ದರಿ," ಎಂದಳು ಅವ್ವ.

"ದೇವರು ಅಷ್ಟು ಕೊಟ್ಟನೋ, ಹುಡುಗಿ ಕಾಕಾ ಇಷ್ಟು ಕೊಟ್ಟಾನೋ, ಹ್ಯಾಂಗ ತಿಳೀಬೇಕ್ರಿ?" ಅವರು ನಕ್ಕರು. ಕಾಕಾ ನಗಲಿಲ್ಲ. "ತಪ್ಪು ತಿಳೀಬ್ಯಾಡ್ರಿ. ಮನ್ಯಾಗ ಹೆಂಗಸರು ಅಂತಾರ, ಅವರ ಅಂಗಡ್ಯಾಗ ಅವರದ ತಕ್ಕಡಿ ಅಂತ. ಕೈ ಹಚ್ಚದ ಫೋಟೋ ಒಂದು ಕಳಸ್ರಿ. ಮುಂದಿನ ಮಾತು ಆಮ್ಯಾಲ."

ಆಗ ನಾನು ನಡುವೆ ಬಾಯಿ ಹಾಕಿದೆ. ಇದರಲ್ಲಿ ನನಗೆ ಅನುಮಾನವಿಲ್ಲ.

"ನಾ ತೆಗೀತೇನ್ರಿ. ಈಗ ಹೊಸಾ ಫಿಲ್ಮು ಬಂದೈತಿ, ಕೆಂಪು, ಹಸಿರು, ನೀಲಿ ಎಲ್ಲಾ ಹಿಡೀತೈತಿ. ಅದಕ್ಕ ಪೆನ್ಸಿಲ್ ಬೇಕಾಗಂಗಿಲ್ಲ."

"ನೀವು ಹುಡುಗಿ ತಮ್ಮ ಅಲ್ಲೇನ್ರಿ?"

"ತಮ್ಮ ಖರೆ. ಆದ್ರ ಸಾಯನ್ಸ್ ಓದೇನ್ರಿ."

"ಸಾಯನ್ಸ್ ಓದಿದವರು ಸುಳ್ಳು ಹೇಳಂಗಿಲ್ಲ ಅಂತೀರಿ?"

"ಫಿಲ್ಮು ಹೇಳಂಗಿಲ್ಲರಿ."

ಅವರು ಮೀಸೆ ತಿರುವಿ, "ಆತು. ತಮ್ಮಗೋಳು ತೆಗದದ್ದ ನೋಡೂಣು" ಎಂದು ಎದ್ದರು.

ಸಹಪಾಠಿಯೊಬ್ಬನಿಂದ ಮುಂದೆ ಎರಡು ಲೆನ್ಸಿನ ಕಣ್ಣಿದ್ದ ರೋಲ್ ಕ್ಯಾಮರಾ ತಂದೆ. ನಮ್ಮ ಅಂಗಳದಲ್ಲಿ, ಬೆಳಗಿನ ಬಿಸಿಲಿನಲ್ಲಿ, ಅಕ್ಕನನ್ನು ಕಟ್ಟೆಯ ಮೇಲೆ ಕೂಡಿಸಿದೆ. "ನಗಬೇಕೋ ಬ್ಯಾಡೋ?" ಎಂದು ಕೇಳಿದಳು. "ಹ್ಯಾಂಗಾದ್ರೂ ಇರು, ಇದು ಎಲ್ಲಾ ಹಿಡೀತೈತಿ" ಎಂದೆ. ಎಲ್ಲ ಬಣ್ಣ ಕಾಣುವ ಫಿಲ್ಮಿಗೆ ಕೆಂಪು ದೀಪವೂ ಆಗುವುದಿಲ್ಲ. ಪೂರ್ತಿ ಕತ್ತಲೆಯಲ್ಲಿ, ಗಡಿಯಾರದ ಲೆಕ್ಕದ ಮೇಲೆಯೇ ತೊಳೆಯಬೇಕು. ಆದ್ದರಿಂದ ರೋಲನ್ನು ಧಾರವಾಡಕ್ಕೆ ಒಯ್ದು ಅಲ್ಲಿಯೇ ತೊಳೆದೆ, ಅಲ್ಲಿಯೇ ಪ್ರಿಂಟ್ ಹಾಕಿದೆ. ನೆಗೆಟಿವ್ ನನ್ನ ಟ್ರಂಕಿನಲ್ಲಿ ಉಳಿಯಿತು. ಬನಹಟ್ಟಿಗೆ ತಂದದ್ದು ಪ್ರಿಂಟ್ ಮಾತ್ರ.

ಪ್ರಿಂಟಿನಲ್ಲಿ ಕೆನ್ನೆ ಸ್ವಚ್ಛವಾಗಿತ್ತು. ಕುಂಕುಮ ಕುಂಕುಮದಂತೆ, ಸೀರೆ ಸೀರೆಯಂತೆ ಬಂದಿತ್ತು. ಅದನ್ನು ಹಿಡಿದುಕೊಂಡು ಸ್ಟುಡಿಯೋದ ಮೆಟ್ಟಿಲು ಹತ್ತಿದಾಗ ನನಗಿದ್ದ ಹೆಮ್ಮೆಯನ್ನು ನೆನೆಸಿಕೊಳ್ಳಲು ಕಷ್ಟವಾಗುತ್ತದೆ. ಕಾಕಾ ಭೂತಗನ್ನಡಿ ಇಟ್ಟು ಫೋಟೋವನ್ನು ಬಹಳ ಹೊತ್ತು ನೋಡಿದ.

"ಛಲೋ ಬಂದೈತಿ," ಎಂದ. ಭೂತಗನ್ನಡಿ ಕೆಳಗಿಟ್ಟು, "ಈ ಫಿಲ್ಮು ತೊಳ್ಯಾವಾಗ ದೀಪ ಹಚ್ಚಂಗಿಲ್ಲಂತ, ಅಲ್ಲೇನು?"

"ಹೂಂ. ಪೂರ್ತಿ ಕತ್ತಲಿ."

"ಅಂದ್ರ ಮಾರಿ ಮೂಡೂದು ಕಾಣಂಗಿಲ್ಲ."

"ಕಾಣಂಗಿಲ್ಲ."

ಅವನು ಫೋಟೋ ತಿರುಗಿ ಕೊಟ್ಟ.

ಮುಧೋಳದವರು ಒಪ್ಪಿದರು. ನೋಡಲು ಬಂದವರ ಕಣ್ಣಿಗೂ ಏನೂ ಕಾಣಲಿಲ್ಲ. ಮದುವೆಯ ಮುನ್ನಾದಿನ ಅರಿಷಿಣ ಹಚ್ಚುವಾಗ ಹೆಂಗಸರ ನಡುವೆ ಒಂದು ಮಾತು ನಡೆಯಿತು. ನಾನು ಬಾಗಿಲ ಹತ್ತಿರ ನಿಂತು ಕೇಳಿದೆನೋ, ವರ್ಷಗಳ ಮೇಲೆ ಅವ್ವ ಹೇಳಿದಳೋ, ತಿಳಿಯದು. ಅಕ್ಕ ಕಣ್ಣು ಮುಚ್ಚಿ ಕೂತಿದ್ದಳಂತೆ. "ಈ ಕಡಿ ಹಚ್ಚೂದ ಬಿಟ್ಟೀರಲ್ಲ" ಎಂದಳಂತೆ. ಹಚ್ಚುತ್ತಿದ್ದವಳು, "ಎರಡು ಸಲಾ ಹಚ್ಚೇನಿ ಬೇ, ಗಂಡನ ಧ್ಯಾನದಾಗ ಗಲ್ಲದ ಮ್ಯಾಲಿನ ಕೈ ಸೈತ ತಿಳೀವಲ್ದು ನೋಡ್ರಿ ಈಕಿಗೆ" ಎಂದಳಂತೆ. ಎಲ್ಲರೂ ಬಿದ್ದು ಬಿದ್ದು ನಕ್ಕರಂತೆ.

ಎರಡು ವರ್ಷ ಕಳೆದು ನಾಗರಪಂಚಮಿಗೆ ಅಕ್ಕ ತವರಿಗೆ ಬಂದಳು. ಕೆನ್ನೆಯ ಮೇಲೆ ತಾಮ್ರದ ಬಣ್ಣದ ಒಂದು ಮಚ್ಚೆ ಈಗ ಎಲ್ಲರಿಗೂ ಕಾಣುವಂತೆ ಎದ್ದಿತ್ತು. ಅಂಚು ಸ್ವಲ್ಪ ಉಬ್ಬಿತ್ತು. "ಬಂಗು" ಎಂದು ಯಾರೋ ಹೇಳಿದ್ದರಂತೆ, ಗಂಧ ತೇಯ್ದು ಹಚ್ಚುತ್ತಿದ್ದಳು. ಮಧ್ಯಾಹ್ನ ಊಟವಾದ ಮೇಲೆ ಅವಳು ಪಡಸಾಲೆಯಲ್ಲಿ ಅಡ್ಡಾಗಿದ್ದಳು. ಅವ್ವ ಅವಳ ಪಕ್ಕ ಕೂತು ಉಂಡಿ ಕಟ್ಟುತ್ತ ಮಾತಾಡುತ್ತಿದ್ದಳು. ಬೀಗರ ಮನೆಯ ಸುದ್ದಿ, ಓಣಿಯ ಸುದ್ದಿ. ಸ್ವಲ್ಪ ಹೊತ್ತಿನ ಮೇಲೆ, "ಏನ ಕೇಳಿದ್ರೂ ಹೂಂ ಅನ್ನವಲ್ಲಿ, ಸಿಟ್ಟು ಬಂದೈತೇನ?" ಎಂದಳು. ನಾನು ಓದುತ್ತಿದ್ದ ಪತ್ರಿಕೆಯಿಂದ ತಲೆ ಎತ್ತಿದೆ. ಅಕ್ಕ ಗಾಢ ನಿದ್ರೆಯಲ್ಲಿದ್ದಳು. ಬಲಗಣ್ಣು ಮುಚ್ಚಿತ್ತು. ಎಡಗಣ್ಣು ತೆರೆದೇ ಇತ್ತು, ಅವ್ವನ ಕಡೆ ನೋಡುತ್ತಿತ್ತು. ಅದರ ಮೂಲೆಯಲ್ಲಿ ಒಂದು ನೊಣ ಕೂತಿತ್ತು.

ಅವ್ವನ ಕೈಯಲ್ಲಿದ್ದ ಉಂಡಿ ಪುಡಿಯಾಯಿತು.

ಅಕ್ಕನನ್ನು ಎಬ್ಬಿಸಿ ಕಣ್ಣು ಮುಚ್ಚು ಎಂದೆವು. ಮುಚ್ಚಿದ್ದೇನೆ ಎಂದಳು. ರೆಪ್ಪೆ ಅರ್ಧಕ್ಕೆ ಬಂದು ನಿಂತಿತ್ತು.

ಮರುದಿನವೇ ನಾನು, ಕಾಕಾ, ಅವ್ವ ಅವಳನ್ನು ದವಾಖಾನೆಗೆ ಕರೆದುಕೊಂಡು ಹೋದೆವು. ಡಾಕ್ಟರು ಹತ್ತಿಯ ಎಳೆಯಿಂದ ಕೆನ್ನೆ ಮುಟ್ಟಿ, "ತಿಳೀತೈತೇನವಾ?" ಎಂದು ಕೇಳುತ್ತ ಹೋದರು. ಅಕ್ಕ ಕಣ್ಣು ಬೇರೆ ಕಡೆ ಇಟ್ಟು, "ಇನ್ನೂ ಮುಟ್ಟಿಲ್ಲಲ್ರಿ" ಎನ್ನುತ್ತಿದ್ದಳು. ಆಮೇಲೆ ಅವರು ನಮ್ಮನ್ನು ಹೊರಗೆ ಕರೆದು ರೋಗದ ಹೆಸರು ಹೇಳಿದರು. ನಮ್ಮ ಕಡೆ ಅದಕ್ಕೆ ದೊಡ್ಡರೋಗ ಎನ್ನುತ್ತಿದ್ದರು, ಹೆಸರು ಹಿಡಿದು ಕುಷ್ಠ ಎನ್ನುತ್ತಿರಲಿಲ್ಲ. ಹೆದರಬೇಡಿರಿ, ಗುಳಿಗೆಯಿಂದ ಪೂರ್ತಿ ವಾಸಿಯಾಗುತ್ತದೆ, ಮನೆಯಲ್ಲೇ ಇರಬಹುದು ಎಂದರು. ಆದರೆ ರೆಪ್ಪೆಯ ನರ ಸತ್ತಿದೆ, ಆ ಕಣ್ಣು ಉಳಿಯುವುದು ಕಷ್ಟ.

"ಎರಡು ಮೂರು ವರ್ಷದ ಮಚ್ಚಿರಿ ಇದು. ಆವಾಗ ತೋರಿಸಿದ್ರ ಕಣ್ಣಿಗೆ ಏನೂ ಆಗ್ತಿದ್ದಿಲ್ಲ. ಮನ್ಯಾಗ ಯಾರೂ ನೋಡಲಿಲ್ಲೇನ್ರಿ?"

"ನೋಡಿದ್ವಿರಿ," ಎಂದ ಕಾಕಾ.

ಬಾಗಿಲ ಬಳಿ ನಿಂತಿದ್ದ ಅಕ್ಕ ಅದನ್ನು ಕೇಳಿಸಿಕೊಂಡಳು. ಹೊರಗೆ ಬೇವಿನ ಗಿಡದ ಕೆಳಗೆ ಬಂದ ಮೇಲೆ ಕೇಳಿದಳು.

"ಕಾಕಾ, ಅದು ನಿನಗ ಕಂಡಿತ್ತೇನು?"

"ಕಂಡಿತ್ತವಾ."

"ಕಂಡಿತ್ತು, ಪೆನ್ಸಿಲ್ ಹಚ್ಚಿ ಮುಚ್ಚಿದಿ?"

"ಹೌದವಾ."

ಅವನು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ನಾನು ಏನಾದರೂ ಹೇಳುತ್ತಿದ್ದೆನೇನೋ. ಅಕ್ಕ ನನ್ನ ಕಡೆ ತಿರುಗಿ, ಅಳುತ್ತ, "ನಿನ್ನ ಫೋಟೋದಾಗ ಏನೂ ಬಂದಿದ್ದಿಲ್ಲ, ನಿನಗರೆ ಹ್ಯಾಂಗ ತಿಳೀಬೇಕು" ಎಂದಳು. ನಾನು ತಲೆ ಅಲ್ಲಾಡಿಸಿದೆ.

ಅಂದಿನಿಂದ ಅವಳು ಕಾಕಾನ ಜೊತೆ ಮಾತು ಬಿಟ್ಟಳು. ಅವಳ ಗಂಡ ಅವಳನ್ನು ಬಿಡಲಿಲ್ಲ. ಮನೆಯವರು ತಟ್ಟೆ, ತಂಬಿಗೆ ಬೇರೆ ಮಾಡಿದ್ದಕ್ಕೆ ತಾನೇ ಮನೆ ಬಿಟ್ಟು ಅವಳನ್ನು ಕರೆದುಕೊಂಡು ಲೋಕಾಪುರಕ್ಕೆ ಬಂದು ಸಣ್ಣ ಅಂಗಡಿ ಇಟ್ಟ. ರೋಗ ವಾಸಿಯಾಯಿತು. ಎಡಗಣ್ಣಿಗೆ ಪೊರೆಯಂತೆ ಬಿಳುಪು ಕವಿದು ದೃಷ್ಟಿ ಹೋಯಿತು. ಬನಹಟ್ಟಿಯಲ್ಲಿ ಸುದ್ದಿ ಹಬ್ಬಲು ಬಹಳ ದಿನ ಬೇಕಾಗಲಿಲ್ಲ. ಮೊದಲು ಕಾಕಾನ ಕ್ಯಾಮರಾಕ್ಕೆ ಹೆದರುತ್ತಿದ್ದವರು ಈಗ ಅವನ ಪೆನ್ಸಿಲಿಗೆ ಹೆದರಿದರು. "ಅಣ್ಣನ ಮಗಳದ್ದ ಮುಚ್ಚಿದಾಂವ, ಮಂದಿದು ಬಿಡತಾನೇನು" ಎಂದರು. ಕನ್ಯೆಯ ಫೋಟೋಗಳು ಬರುವುದು ನಿಂತಿತು. ಪರೀಕ್ಷೆಯ ಅರ್ಜಿಗೆ ಹಚ್ಚುವ ಸಣ್ಣ ಫೋಟೋಗಳ ಮೇಲೆ ಸ್ಟುಡಿಯೋ ನಡೆಯಿತು.

ಕೆಂಪು ಕಾಣದ ಫಿಲ್ಮು ಅಂಗಡಿಗಳಲ್ಲಿ ಸಿಗದಾಯಿತು. ಕಾಕಾನೂ ಹೊಸ ಫಿಲ್ಮಿಗೆ ಬಂದ. ಪೂರ್ತಿ ಕತ್ತಲೆಯಲ್ಲಿ ತೊಳೆಯುವುದು ಅವನಿಗೆ ಕೊನೆತನಕ ಒಗ್ಗಲಿಲ್ಲ. ಒಮ್ಮೆ ನಾನು ಹೋದಾಗ ಕೋಣೆಯೊಳಗಿಂದ ಅವನ ದನಿ ಕೇಳುತ್ತಿತ್ತು. ಒಂದು, ಎರಡು, ಮೂರು ಎಂದು ಹೊತ್ತು ಎಣಿಸುತ್ತಿದ್ದ. ಆಮೇಲೆ ಬಣ್ಣದ ಫಿಲ್ಮು ಬಂತು. ತೊಳೆಯುವ ಕೆಲಸವೇ ಅವನ ಕೈಬಿಟ್ಟಿತು. ರೋಲುಗಳನ್ನು ಬಸ್ಸಿನಲ್ಲಿ ಕೊಲ್ಹಾಪುರದ ಲ್ಯಾಬಿಗೆ ಕಳಿಸಿ, ಬಂದ ಲಕೋಟೆಗಳನ್ನು ಗಿರಾಕಿಗಳಿಗೆ ಕೊಡುವವನಾದ. ಅವನು ತೀರಿಕೊಂಡಾಗ ಅಕ್ಕ ಮಣ್ಣಿಗೆ ಬರಲಿಲ್ಲ.

ಸ್ಟುಡಿಯೋ ಖಾಲಿ ಮಾಡುವಾಗ ಹುಪರಿ ಕಡೆಯ ಒಬ್ಬ ಬೆಳ್ಳಿಯ ವ್ಯಾಪಾರಿ ಬಂದು ಹಳೆಯ ನೆಗೆಟಿವುಗಳನ್ನೆಲ್ಲ ಚೀಲದಲ್ಲಿ ತುಂಬಿಕೊಂಡು ಹೋದ. ಸುಟ್ಟು ಬೆಳ್ಳಿ ತೆಗೆಯುತ್ತಾರಂತೆ. ಅಕ್ಕನ ಆರು ನೆಗೆಟಿವುಗಳೂ ಅದರಲ್ಲಿ ಹೋದವು. ಆ ದಿನ ನನಗೆ ಏಕೋ ಹಗುರವೆನಿಸಿತು. ಹಗುರವೆನಿಸಿದ್ದು ನನಗೆ ಆಶ್ಚರ್ಯವನ್ನೂ ಉಂಟುಮಾಡಿತ್ತು.

ಮೊನ್ನೆ ಮೊನ್ನೆ, ಅಕ್ಕನ ಮಗಳಿಗೆ ಗಂಡು ನೋಡುವ ಕಾಲ ಬಂತು. ಲೋಕಾಪುರದ ಅವಳ ಮನೆಯಲ್ಲಿ ಮಗಳ ಬಣ್ಣದ ಫೋಟೋಗಳನ್ನು ಹಾಸಿಗೆಯ ಮೇಲೆ ಹರಡಿಕೊಂಡು ಕೂತಿದ್ದೆವು. ಅಕ್ಕ ಒಂದೊಂದನ್ನೂ ಬಲಗಣ್ಣಿನ ಹತ್ತಿರ ಹಿಡಿದು ಮಗಳ ಕೆನ್ನೆ ನೋಡುತ್ತಿದ್ದಳು. ಮಗಳು ನೀರು ತರಲು ಒಳಗೆ ಹೋದಾಗ, ತಲೆ ಎತ್ತದೆ ಕೇಳಿದಳು.

"ಕಾಕಾಗ ಕೊನೀಗೆ ಒಂದು ಮಾತು ಆಡಬೇಕಿತ್ತು ಅನಸಾಕತ್ತೈತಿ. ಖರೆ ಹೇಳಪಾ. ಅಂವ ಒಬ್ಬಾಂವನ ಮುಚ್ಚಿದ್ದೇನು?"

"ನನ್ನ ಫಿಲ್ಮಿನ್ಯಾಗ ಏನೂ ಇದ್ದಿಲ್ಲಕ್ಕಾ," ಎಂದೆ.

"ನೀ ಹೇಳಿದ್ರ ಆತು. ನಾ ಸಿಟ್ಟು ಮಾಡಿದ್ದು ತಪ್ಪಲ್ಲ, ಹಂಗಾರ," ಎಂದು ಮತ್ತೊಂದು ಫೋಟೋ ಎತ್ತಿಕೊಂಡಳು.

ನಾನು ಕಾಲೇಜಿನಲ್ಲಿ ಪಾಠ ಹೇಳುತ್ತ ನೆಲೆಸಿದ ಜಮಖಂಡಿಗೆ ಬಸ್ಸಿನಲ್ಲಿ ಬರುವಾಗ ನನಗೆ ನನ್ನ ಉತ್ತರವೇ ಕಾಡತೊಡಗಿತು. ಎಲ್ಲ ಬಣ್ಣ ಹಿಡಿಯುವ ಫಿಲ್ಮಾದರೂ ಅಲ್ಲಿದ್ದ ಕೆಂಪನ್ನು ತೆಳುವಾಗಿಯಾದರೂ ತೋರಿಸಬೇಕಿತ್ತು. ಪೂರ್ತಿ ಸ್ವಚ್ಛ ಕೆನ್ನೆ ಹೇಗೆ ಬಂತು? ಇಷ್ಟು ವರ್ಷ ವಿದ್ಯಾರ್ಥಿಗಳಿಗೆ ಬೆಳಕಿನ ಪಾಠ ಹೇಳಿದವನು ಈ ಒಂದು ಪ್ರಶ್ನೆಯನ್ನು ಎಂದೂ ಕೇಳಿಕೊಂಡಿರಲಿಲ್ಲ. ನಾನು ಪೆನ್ಸಿಲ್ ಹಿಡಿದ ನೆನಪು ನನಗಿಲ್ಲ. ಇವತ್ತಿಗೂ ಇಲ್ಲ. ಧಾರವಾಡದ ಆ ಕೋಣೆ, ಕಿಟಕಿ, ಮೇಜು ಎಲ್ಲ ನೆನಪಿವೆ, ಮೇಜಿನ ಮುಂದೆ ಕೂತ ನಾನು ಮಾತ್ರ ಆ ನೆನಪಿನಲ್ಲಿ ಇಲ್ಲ.

ಮನೆಗೆ ಬಂದು ಟ್ರಂಕು ತೆಗೆದೆ. ನೆಗೆಟಿವ್ ಅಂದು ಸುತ್ತಿಟ್ಟ ಬೆಣ್ಣೆ ಕಾಗದದಲ್ಲೇ ಇತ್ತು. ಕಿಟಕಿಯ ಬೆಳಕಿಗೆ ವಾರೆಯಾಗಿ ಹಿಡಿದು ನೋಡಿದೆ. ನನ್ನ ಕಣ್ಣನ್ನು ನಂಬದೆ, ಮರುದಿನ ಊರಿನ ಒಬ್ಬ ಫೋಟೋಗ್ರಾಫರನ ಹತ್ತಿರ ಒಯ್ದು, ಏನನ್ನೂ ಹೇಳದೆ ಅವನ ಮುಂದಿಟ್ಟೆ. ಅವನು ಕೆಳಗೆ ದೀಪ ಹಚ್ಚಿದ ಗಾಜಿನ ಮೇಲೆ ಅದನ್ನಿಟ್ಟು, ಭೂತಗನ್ನಡಿ ಹಿಡಿದು ನೋಡಿ, "ಇದರ ಮ್ಯಾಲ ಟಚಿಂಗ್ ಆಗೈತ್ರಿ ಸರ್. ಹೊಸಬರ ಕೈ," ಎಂದ. ಎಲ್ಲಿ ಎಂದು ಕೇಳಿದೆ. ಅವನು ಬೆರಳು ಇಟ್ಟು ತೋರಿಸಿದ.

ಆ ನೆಗೆಟಿವ್ ಅಲ್ಲಿಯವರೆಗೆ ನನ್ನ ಟ್ರಂಕು ಬಿಟ್ಟು ಬೇರೆ ಯಾರ ಕೈಗೂ ಹೋಗಿರಲಿಲ್ಲ. ಅದರಲ್ಲಿ ಅಕ್ಕನ ಎಡಗೆನ್ನೆಯ ಮೇಲೆ, ಕಣ್ಣಿನ ಕೆಳಗೆ, ಕಿವಿಯ ಕಡೆಗೆ, ನಾಲ್ಕಾಣೆ ನಾಣ್ಯದಷ್ಟು ಜಾಗದಲ್ಲಿ ಪೆನ್ಸಿಲ್ ಇದೆ.